ಕಣ್ಣಿಲ್ಲದವಳ ಮೇಲೆ ಆಣೆ

ನನ್ನ ಅಮ್ಮ ತಿಬ್ರಾ, ಅವಳ ತಂಗಿ ಗಜಾಲಾ, ಇಬ್ಬರದೂ ಬೆಟ್ಟದ ಮೇಲಿನ ಶಹಾತ್ ಊರಿನ ಒಂದೇ ಬೀದಿಯಲ್ಲಿ ಎದುರುಬದುರು ಮನೆ. ಈ ಮನೆಯಲ್ಲಿ ಚಹಾಕ್ಕೆ ಪುದೀನ ಹಾಕಿದರೆ ಆ ಮನೆಯಲ್ಲಿ ಘಮ್ಮೆನ್ನುತ್ತದೆ. ಆದರೂ ನನಗೆ ಬುದ್ಧಿ ತಿಳಿದಾಗಿನಿಂದ ಅವರಿಬ್ಬರೂ ಒಬ್ಬರ ಹತ್ತಿರ ಒಬ್ಬರು ಬಾಯಿ ಬಿಟ್ಟಿದ್ದನ್ನು ನಾನು ಕಂಡಿರಲಿಲ್ಲ. ಹಾಗಂತ ದ್ವೇಷ ಅಂದುಕೊಳ್ಳಬೇಡಿ. ದ್ವೇಷವಾಗಿದ್ದರೆ ನನಗೆ ಎಷ್ಟೋ ಆರಾಮಿರುತ್ತಿತ್ತು. ಆಡಬೇಕಾದ ಮಾತನ್ನೆಲ್ಲ ಅವರು ನನ್ನ ಬಾಯಿಂದ ಆಡಿಸುತ್ತಿದ್ದರು.

“ಜಾಜಿಯಾ, ನಿನ್ನ ಚಿಕ್ಕಮ್ಮನಿಗೆ ಹೇಳು, ಸಾರಿಗೆ ಉಪ್ಪು ಕಮ್ಮಿ ಆಗಿದೆ ಅಂತ,” ಎನ್ನುತ್ತಿದ್ದಳು ಅಮ್ಮ. ಚಿಕ್ಕಮ್ಮ ಅದೇ ಚಾಪೆಯ ಮೇಲೆ, ಬಾಜೀನ್ ಎಂಬ ಅದೇ ಬಾರ್ಲಿ ಹಿಟ್ಟಿನ ಮುದ್ದೆಗೆ ಕೈ ಹಾಕಿ ಕೂತಿರುತ್ತಿದ್ದಳು.

“ನಿಮ್ಮಮ್ಮನಿಗೆ ಹೇಳು ಜಾಜಿಯಾ, ಉಪ್ಪು ಸರಿಯಾಗೇ ಇದೆ, ನಾಲಿಗೆ ಕೆಟ್ಟಿದೆ ಅಂತ.”

“ಕೇಳಿಸ್ತಲ್ಲ ಅಮ್ಮ?”

“ನೀನು ಹೇಳೋವರೆಗೂ ನನಗೇನೂ ಕೇಳಿಸಲ್ಲ.”

ನಾನು ಹೇಳುತ್ತಿದ್ದೆ. ಒಬ್ಬಳ ಬೈಗುಳ ಇನ್ನೊಬ್ಬಳಿಗೆ ಒಪ್ಪಿಸಿ ಒಪ್ಪಿಸಿ ನನ್ನ ನಾಲಿಗೆ ಹರಿತವಾಯಿತು. ಮದುವೆಯಾದ ಮೇಲೆ ನನ್ನ ಗಂಡ ಮಿಫ್ತಾಹ್ ಅದರ ರುಚಿ ನೋಡಿದ.

ಒಂದು ಸಂಗತಿ ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಾನು ಸಣ್ಣವಳಿದ್ದಾಗ ಒಂದು ಸಲ ನಮ್ಮ ಬೆಟ್ಟದ ಮೇಲೆ ಕಂಡುಕೇಳರಿಯದ ಹಿಮ ಬಿತ್ತು. ಸಂಜೆ ಹೊತ್ತಿಗೆ ಚಿಕ್ಕಮ್ಮನ ಅಡುಗೆಮನೆಯ ಮಾಡು ಕುಸಿಯಿತು. ಸದ್ದು ಕೇಳಿದ್ದೇ ಅಮ್ಮ ನನ್ನ ರಟ್ಟೆ ಹಿಡಿದು ದರದರ ಎಳೆದುಕೊಂಡು ಬೀದಿ ದಾಟಿದಳು. ಮುಚ್ಚಿದ ಬಾಗಿಲ ಮುಂದೆ ನನ್ನನ್ನು ನಿಲ್ಲಿಸಿ, “ಕೂಗೇ, ಬದುಕಿದ್ದಾಳಾ ಕೇಳೇ!” ಎಂದಳು. ಗಾಳಿ ಕಿವಿ ಹರಿಯುವಂತೆ ಬೀಸುತ್ತಿತ್ತು. ನಾನು ಗಂಟಲು ಬಿರಿಯುವಂತೆ ಕೂಗಿದೆ. ಅಮ್ಮ ಗೋಡೆಗೆ ಒರಗಿ, ತಲೆವಸ್ತ್ರದ ಸೆರಗನ್ನು ಬಾಯೊಳಗೆ ತುರುಕಿ ಕಚ್ಚಿಕೊಂಡು ನಿಂತಿದ್ದಳು. ಎಲ್ಲಿ ತಾನೇ ಕೂಗಿಬಿಡುತ್ತೇನೋ ಎಂದು ಅವಳಿಗೆ ಹೆದರಿಕೆ. ಒಳಗಿಂದ ಚಿಕ್ಕಮ್ಮ ತಪ್ಪಲೆ ಬಡಿದು ಬದುಕಿದ್ದೇನೆ ಎಂದು ತಿಳಿಸಿದಳು. ಆಗಲೇ ಅಮ್ಮ ಸೆರಗನ್ನು ಬಾಯಿಂದ ತೆಗೆದದ್ದು.

ಇಷ್ಟಕ್ಕೆಲ್ಲ ಕಾರಣ ಒಂದು ಆಣೆ. ಆ ಆಣೆಯ ಕಥೆ ನಮ್ಮ ಹಳೆಯ ಊರಿನದು.

ಶಹಾತಿನ ಕೆಳಗೆ, ಬೆಟ್ಟದ ಅಂಚಿನಲ್ಲಿ, ಗ್ರೀಕರ ಪಟ್ಟಣ ಬಿದ್ದುಕೊಂಡಿದೆ. ಸಮುದ್ರದಾಚೆಯ ಯಾವುದೋ ದ್ವೀಪದಲ್ಲಿ ಮಳೆಯಿಲ್ಲದೆ ಕಂಗಾಲಾದವರು ಹಡಗು ಹತ್ತಿ ಬಂದರಂತೆ. ನಮ್ಮ ನಾಡಿನವರೇ ಕರೆತಂದು ಇಲ್ಲಿನ ಬುಗ್ಗೆಯನ್ನು ತೋರಿಸಿದರಂತೆ. ಇದೆಲ್ಲ ಮಿಫ್ತಾಹ್ ಹೇಳುವುದು. ಅವನಿಗೆ ಪುರಾತತ್ವ ಇಲಾಖೆಯಲ್ಲಿ ಕೆಲಸ, ಊಟದ ಹೊತ್ತಿನಲ್ಲೂ ಅದೇ ಮಾತು. ಬಂದವರು ದೇವಸ್ಥಾನ ಕಟ್ಟಿದರು, ನಾಟಕ ನೋಡಲು ಬೆಟ್ಟದಲ್ಲಿ ಮೆಟ್ಟಿಲು ಕಡಿದರು, ಇಲ್ಲಷ್ಟೇ ಬೆಳೆಯುತ್ತಿದ್ದ ಯಾವುದೋ ಗಿಡದ ರಸ ಮಾರಿ ಸಾಹುಕಾರರಾದರು, ಕೊನೆಗೆ ಆ ಗಿಡದ ಬೀಜವೂ ಉಳಿಯದ ಹಾಗೆ ಮಾಡಿದರು. ಆಮೇಲೆ ಭೂಮಿ ನಡುಗಿತು, ಕಂಬಗಳು ಮಲಗಿದವು. ಗಟ್ಟಿಯಾಗಿ ಉಳಿದದ್ದು ಸತ್ತವರ ಮನೆಗಳು. ಬಂದರಿಗೆ ಇಳಿಯುವ ದಾರಿಯುದ್ದಕ್ಕೂ ಬಂಡೆಯಲ್ಲಿ ಕೊರೆದ ಗೋರಿಗಳು. ಒಂದೊಂದಕ್ಕೂ ಬಾಗಿಲು, ಹಜಾರ, ಒಳಕೋಣೆ. ಚಳಿಗೆ ಬೆಚ್ಚಗೆ, ಬಿಸಿಲಿಗೆ ತಣ್ಣಗೆ. ನಮ್ಮ ಜನ ಅಂಥ ಜಾಗವನ್ನು ಸುಮ್ಮನೆ ಬಿಡುತ್ತಾರೆಯೇ? ಆಡು ಕಟ್ಟಿದರು, ಜೇನುಗೂಡು ಇಟ್ಟರು, ಚಳಿಗಾಲಕ್ಕೆ ತಾವೇ ಸೇರಿಕೊಂಡರು.

ಇಟಲಿಯವರ ಮುಳ್ಳುತಂತಿಯ ಶಿಬಿರದಿಂದ ನನ್ನ ಅಜ್ಜಿ ಜೀವ ಹಿಡಿದುಕೊಂಡು ಬೆಟ್ಟಕ್ಕೆ ಮರಳಿದಾಗ ಅವಳ ಹತ್ತಿರ ಡೇರೆಯೂ ಇರಲಿಲ್ಲ, ಆಡೂ ಇರಲಿಲ್ಲ. ಅಂಥದೊಂದು ಗೋರಿಯಲ್ಲಿ ಗಂಡನ ಜೊತೆ ಸಂಸಾರ ಹೂಡಿದಳು. ನನ್ನ ಅಮ್ಮ ಹುಟ್ಟಿದ್ದು ಅಲ್ಲಿ. ಚಿಕ್ಕಮ್ಮ ಹುಟ್ಟಿದ್ದೂ ಅಲ್ಲೇ. ಇಬ್ಬರನ್ನೂ ಮೊದಲು ಕೈಗೆತ್ತಿಕೊಂಡವಳು ಸಿತ್ತಿ ಮಸ್ತೂರಾ ಎಂದು ಅಜ್ಜಿ ಹೇಳುತ್ತಿದ್ದಳು.

ಸಿತ್ತಿ ಮಸ್ತೂರಾ ಎಂದರೆ ಮರೆಯಲ್ಲಿರುವ ತಾಯಿ. ಒಳಕೋಣೆಯ ಗೂಡಿನಲ್ಲಿ ಸೊಂಟದಿಂದ ಮೇಲಿನ ಕಲ್ಲಿನ ಹೆಂಗಸು. ತಲೆ ಮೇಲೆ ಮುಸುಕು, ಮುಸುಕಿನ ಅಂಚು ಹಿಡಿದ ಒಂದು ಕೈ, ಚೆಂದದ ಮಡಿಕೆಗಳು. ಮುಖ ಮಾತ್ರ ಇಲ್ಲ. ಯಾರೂ ಒಡೆದದ್ದಲ್ಲ, ಮೊದಲಿಂದಲೂ ನುಣ್ಣಗೆ, ಮೊಟ್ಟೆಯ ಹಾಗೆ. ಯಾವುದೋ ಪುಣ್ಯವಂತೆ, ಗಂಡಸರ ಕಣ್ಣಿಗೆ ಬೀಳಬಾರದೆಂದು ಮುಖವನ್ನೇ ಅಳಿಸಿಕೊಂಡವಳು ಎಂದು ನಮ್ಮ ಹೆಂಗಸರೆಲ್ಲ ನಂಬಿದ್ದರು. ಗುರುವಾರ ಮಧ್ಯಾಹ್ನ ಹೋಗಿ ಅವಳ ಭುಜಕ್ಕೆ ಎಣ್ಣೆ, ಕೈಗೆ ಗೋರಂಟಿ ಹಚ್ಚಿ, ಧೂಪ ಹಾಕಿ ಬರುತ್ತಿದ್ದರು. ಮಸೀದಿಯ ಇಮಾಮರು ಇದೆಲ್ಲ ಕೂಡದು ಎನ್ನುತ್ತಿದ್ದರು. “ಅವರ ಹೆಂಡತಿಗೆ ಮೊದಲು ಹೇಳಲಿ, ನನಗಿಂತ ಮುಂಚೆ ಬಂದು ಕೂತಿರ್ತಾಳೆ,” ಎನ್ನುತ್ತಿದ್ದಳು ಅಮ್ಮ.

ಅವಳ ಮೇಲೆ ಆಣೆ ಇಟ್ಟರೆ ಕಣ್ಣಿನ ಮೇಲೇ ಇಡಬೇಕು. ತಪ್ಪಿದವರ ಕಣ್ಣು ಅವಳ ಕಣ್ಣಿನ ಹಾಗಾಗಲಿ, ಅಂದರೆ ಇಲ್ಲದ ಹಾಗಾಗಲಿ ಎಂದು.

ಅಕ್ಕತಂಗಿಯರು ಆಣೆ ಇಟ್ಟದ್ದು ಒಂದು ಡೇರೆಯ ವಿಷಯಕ್ಕೆ. ಅಜ್ಜಿ ಕೈಗೆ ಆಡುಗಳು ಬಂದ ಮೇಲೆ, ಇಬ್ಬರು ಹುಡುಗಿಯರನ್ನು ಪಕ್ಕಕ್ಕೆ ಕೂರಿಸಿಕೊಂಡು, ಆಡಿನ ಕೂದಲು ನೂತು ಒಂದೊಂದೇ ಪಟ್ಟಿ ನೇಯ್ದು ಹೊಲಿದ ಡೇರೆ ಅದು. ಅಜ್ಜಿ ತೀರಿಹೋದ ಮೇಲೆ, ಸರ್ಕಾರ ಸಿಮೆಂಟಿನ ಮನೆ ಕೊಟ್ಟ ಮೇಲೆ, ಡೇರೆ ಯಾರಿಗೆ ಎಂಬ ಮಾತು ಬಂತು. ನನ್ನ ಅಮ್ಮ, ಹಿರಿಯಳೆಂಬ ಜಂಬದಲ್ಲಿ, ಯಾರನ್ನೂ ಕೇಳದೆ ಕತ್ತರಿ ತೆಗೆದುಕೊಂಡು ಸರಿಯಾಗಿ ಎರಡು ಪಾಲು ಮಾಡಿದಳು. ಪಟ್ಟಿಗಳು ಬೆಸ. ಹಾಗಾಗಿ ಹೊಲಿಗೆ ಬಿಚ್ಚಿದರೆ ಸಮಪಾಲು ಆಗುತ್ತಿರಲಿಲ್ಲ. ನಡುವಿನ ಪಟ್ಟಿಯನ್ನೇ ಉದ್ದಕ್ಕೆ ಕತ್ತರಿಸಿದಳು. ಅದು ಚಿಕ್ಕಮ್ಮ ತನ್ನ ಜೀವಮಾನದಲ್ಲಿ ಮೊದಲು ನೇಯ್ದ ಪಟ್ಟಿ.

ಚಿಕ್ಕಮ್ಮ ತನ್ನ ಪಾಲನ್ನು ಹೊತ್ತುಕೊಂಡು ನೇರವಾಗಿ ಸಿತ್ತಿ ಮಸ್ತೂರಾಳ ಮುಂದೆ ಹೋಗಿ ಕೂತಳು. ಅಮ್ಮ ಹಿಂದೆಯೇ ಓಡಿದಳು. ಅಲ್ಲಿ ಇಬ್ಬರೂ ಏನೇನು ಕಿರುಚಾಡಿದರೋ, ಕೊನೆಗೆ ಇಬ್ಬರೂ ಕಲ್ಲಿನ ಮೇಲೆ ಕೈಯಿಟ್ಟು ಒಂದೇ ಆಣೆ ಹಾಕಿದರು: ನಾನಾಗಿ ಮೊದಲು ಇವಳನ್ನು ಮಾತಾಡಿಸಿದರೆ ನನ್ನ ಕಣ್ಣು ಹೋಗಲಿ. ಮೊದಲು ಮಾತಾಡಿಸುವುದು ಇನ್ನೊಬ್ಬಳ ಕೆಲಸ ಎಂದು ಇಬ್ಬರೂ ಕಾದರು. ಮಾರನೆಯ ವಾರವೇ ಇಬ್ಬರಿಗೂ ಸಿಟ್ಟು ಇಳಿದಿತ್ತು. ಆಣೆ ಇಳಿಯಲಿಲ್ಲ.

ಈಗ ಇಬ್ಬರಿಗೂ ವಯಸ್ಸಾಗಿದೆ. ನನ್ನ ಅಪ್ಪ ಇಲ್ಲ, ಚಿಕ್ಕಪ್ಪನೂ ಇಲ್ಲ. ನಾನೂ ಮಿಫ್ತಾಹನೂ ಅಮ್ಮನ ಮನೆಯಲ್ಲೇ ಇದ್ದೇವೆ. ಚಿಕ್ಕಮ್ಮನಿಗೆ ಮಕ್ಕಳಿಲ್ಲ, ನಾನೇ ಮಗಳು. ಕೆಲವು ವರ್ಷಗಳಿಂದ ಅವಳ ಕಣ್ಣು ಮಂಜಾಗುತ್ತಾ ಬಂತು. ಮೊದಲು ಸೂಜಿಗೆ ದಾರ ಹೋಗಲಿಲ್ಲ. ಆಮೇಲೆ ಒಂದು ದಿನ ಚಹಾ ಸುರಿಯುತ್ತಾ ಲೋಟ ಬಿಟ್ಟು ಚಾಪೆಗೆ ಸುರಿದಳು. ಚಹಾ ಎಷ್ಟು ಎತ್ತರದಿಂದ ಸುರಿದರೂ ಹನಿ ಚೆಲ್ಲದವಳು, ನೊರೆ ಬರಿಸುವುದರಲ್ಲಿ ಬೀದಿಗೇ ಹೆಸರಾದವಳು. ಅಮ್ಮ ನೋಡಿದಳು, ತನ್ನ ಸೆರಗಿನಿಂದ ಚಾಪೆ ಒರೆಸಿದಳು.

ಚಿಕ್ಕಮ್ಮನನ್ನು ಪಕ್ಕದ ಬೈದಾ ಪಟ್ಟಣದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಪೊರೆ ಬಂದಿದೆ, ಸಣ್ಣ ಶಸ್ತ್ರಚಿಕಿತ್ಸೆ, ಹೆದರುವಂಥದ್ದೇನಿಲ್ಲ, ಆದರೆ ತಡಮಾಡಿದರೆ ಕಷ್ಟ ಎಂದರು ಡಾಕ್ಟರು. ಚಿಕ್ಕಮ್ಮ ಅವರಿಗೆ ನೂರು ವರ್ಷ ಬಾಳಪ್ಪ ಎಂದು ಹರಸಿ ಎದ್ದು ಬಂದಳು. ಮತ್ತೆ ಹೋಗುವುದಿಲ್ಲ ಎಂದಳು. ಬೇಡಿದೆ, ಬೈದೆ, ಅತ್ತೆ. “ಬೇಡ ಕಣೇ ಜಾಜಿಯಾ, ನೋಡಬೇಕಾದ್ದೆಲ್ಲ ನೋಡಿಯಾಯ್ತು,” ಎಂದಳು. ಅಮ್ಮ ಎದುರುಗಡೆ ಕೂತು ನನ್ನ ಮೂಲಕ ಬೈದು ಕಳಿಸಿದ ಮಾತುಗಳನ್ನು ಇಲ್ಲಿ ಹೇಳಲಾಗದು. ಚಿಕ್ಕಮ್ಮ ಅಲುಗಲಿಲ್ಲ.

ಅದೇ ಹೊತ್ತಿನಲ್ಲಿ ಮಿಫ್ತಾಹ್ ಒಂದು ಸಂಜೆ ಬಾಗಿಲಲ್ಲೇ ನಿಂತು, ಚಪ್ಪಲಿಯನ್ನೂ ಬಿಡದೆ ಕೆಮ್ಮಿದ. ಅವನು ಹಾಗೆ ಕೆಮ್ಮಿದರೆ ಏನೋ ಎಡವಟ್ಟು ಇದೆ ಎಂದೇ ಅರ್ಥ.

“ಅತ್ತೆ, ಗೋರಿಗಳಲ್ಲಿ ಕಳ್ಳರ ಕಾಟ ಜಾಸ್ತಿ ಆಗಿದೆ,” ಎಂದ. “ಕಳೆದ ತಿಂಗಳು ಎರಡು ವಿಗ್ರಹ ಹೋದವು. ಹೊರಗಿರೋದನ್ನೆಲ್ಲ ಉಗ್ರಾಣಕ್ಕೆ ತರಬೇಕು ಅಂತ ತೀರ್ಮಾನ ಆಗಿದೆ.”

“ತಗೊಂಡು ಹೋಗಪ್ಪ. ಯಾರು ಬೇಡ ಅಂದ್ರು?”

“ಸಿತ್ತಿ ಮಸ್ತೂರಾನೂ.”

ಅಮ್ಮ ಹಿಟ್ಟು ನಾದುತ್ತಿದ್ದವಳು ಹಾಗೇ ತಲೆಯೆತ್ತಿದಳು. “ನಿನಗೆ ಮಗಳು ಕೊಟ್ಟೆ,” ಎಂದಳು. “ಮಗಳ ಜೊತೆ ಅವಳ ನಾಲಿಗೆನೂ ಕೊಟ್ಟೆ, ಅದು ನಿನ್ನ ಹಣೆಬರಹ. ಈಗ ನಮ್ಮ ತಾಯಿನೂ ಬೇಕಾ ನಿನಗೆ?”

“ಕಳ್ಳರು ತಗೊಂಡು ಹೋದ್ರೆ ಸಮುದ್ರ ದಾಟಿಸ್ತಾರೆ ಅತ್ತೆ. ಯಾರದ್ದೋ ಮನೆ ಹಜಾರದಲ್ಲಿ ನಿಲ್ಲಿಸ್ತಾರೆ.”

ಈ ಮಾತು ನಾಟಿತು. ಗಂಡಸರ ಕಣ್ಣಿಗೆ ಬೀಳದವಳನ್ನು ಯಾವನೋ ಹಜಾರದಲ್ಲಿ ನಿಲ್ಲಿಸುವುದೆಂದರೇನು? ಅಮ್ಮ ತುಂಬಾ ಹೊತ್ತು ಹಿಟ್ಟನ್ನು ಗುದ್ದಿದಳು. ಕೊನೆಗೆ, “ಬರಿಮೈಯಲ್ಲಿ ಲಾರಿ ಹತ್ತಿಸಕೂಡದು,” ಎಂದು ಒಳಗೆ ಹೋಗಿ, ಪೆಟ್ಟಿಗೆಯಿಂದ ತನ್ನ ಪಾಲಿನ ಅರ್ಧ ಡೇರೆಯನ್ನು ತಂದು ಅವನ ಮುಂದೆ ಹಾಕಿದಳು. ಅಷ್ಟು ವರ್ಷಗಳಲ್ಲಿ ಆ ಬಟ್ಟೆ ಹೊರಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸಿತ್ತಿ ಮಸ್ತೂರಾ ಅದನ್ನು ಹೊದ್ದುಕೊಂಡು ಉಗ್ರಾಣಕ್ಕೆ ಹೋದಳು. ಅವಳನ್ನು ಎತ್ತಿದಾಗ ಕೆಳಗಿನ ಕಲ್ಲಿನಲ್ಲಿ, ತಲೆಮಾರುಗಳ ಮೇಣ ಮಸಿಯ ಅಡಿಯಲ್ಲಿ ಅಕ್ಷರಗಳು ಕಂಡವು. ಮಿಫ್ತಾಹ್ ಮನೆಗೆ ಬಂದು ಮೆತ್ತಗೆ ಹೇಳಿದ:

“ಬೇಜಾರು ಮಾಡ್ಕೋಬೇಡಿ ಅತ್ತೆ. ಅದು ಗ್ರೀಕರ ಗೋರಿ, ಒಂದು ಹುಡುಗೀದು. ‘ಫಿಲಿನ್ನಾ, ಥೆಯೊದೋರನ ಮಗಳು, ವಯಸ್ಸು ಇಪ್ಪತ್ತು’ ಅಂತ ಇದೆ. ಮುಖವಿಲ್ಲದ ವಿಗ್ರಹ ಸತ್ತವರನ್ನು ಕಾಯೋ ಅವರ ದೇವತೆದು ಅಂತಾರೆ ತಿಳಿದವರು.”

ಅಮ್ಮ ಕೂಗಾಡುತ್ತಾಳೆ ಎಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವಳು ಕೂಗಾಡಲಿಲ್ಲ.

“ಇಪ್ಪತ್ತಾ?” ಎಂದಳು. ದೇವತೆಯ ಮಾತು ಅವಳ ಕಿವಿಗೆ ಬಿದ್ದೇ ಇರಲಿಲ್ಲ. “ಅಯ್ಯೋ ಕಂದಾ! ಮಕ್ಕಳಾಗ್ಲಿ, ಮಳೆ ಬರ್ಲಿ, ಗಂಡ ಹೊಡೆಯೋದು ಬಿಡ್ಲಿ ಅಂತ ಊರವರ ಗೋಳೆಲ್ಲ ತಂದು ಇಪ್ಪತ್ತು ವರ್ಷದ ಹುಡುಗಿ ತಲೆ ಮೇಲೆ ಹಾಕಿದ್ವಲ್ಲ. ಅವಳಮ್ಮ ಎಷ್ಟು ಅತ್ತಿರಬೇಕು.” ತನ್ನ ಮಗಳೇ ಸತ್ತ ಸುದ್ದಿ ಬಂದ ಹಾಗೆ ಕಣ್ಣೊರೆಸಿಕೊಂಡಳು. ನನ್ನ ಅಮ್ಮನ ಮೇಲೆ ನನಗೆ ದಿನಕ್ಕೆ ಹತ್ತು ಸಲ ಸಿಟ್ಟು ಬರುತ್ತದೆ. ಆ ದಿನ ಮಾತ್ರ ತಬ್ಬಿಕೊಳ್ಳೋಣ ಅನ್ನಿಸಿತು, ತಬ್ಬಿಕೊಂಡೆ, ಕಣ್ಣೊರೆಸಿದ ಒದ್ದೆ ಕೈಯಿಂದ ನನ್ನನ್ನು ದೂಡಿದಳು.

ಈ ಸುದ್ದಿಯನ್ನು ಬೀದಿ ದಾಟಿಸದೆ ಇರುತ್ತೇನೆಯೇ? ಓಡಿದೆ. ಚಿಕ್ಕಮ್ಮ ಅಂಗಳದಲ್ಲಿ ಅಂಜೂರ ಒಣಗಿಸುತ್ತಿದ್ದಳು, ಬೆರಳಿನಿಂದ ಮುಟ್ಟಿ ಮುಟ್ಟಿ ಒಣಗಿದ್ದು ಒಂದು ಕಡೆ, ಹಸಿ ಒಂದು ಕಡೆ ಮಾಡುತ್ತಾ.

“ಚಿಕ್ಕಮ್ಮಾ, ನಿಮ್ಮ ಸಿತ್ತಿ ಮಸ್ತೂರಾ ಗ್ರೀಕರ ಹುಡುಗಿಯಂತೆ! ಯಾವ ಪುಣ್ಯವಂತೆನೂ ಅಲ್ವಂತೆ. ಇಷ್ಟು ವರ್ಷ ಇಬ್ಬರೂ ಯಾರ ಮೇಲೋ ಆಣೆ ಇಟ್ಕೊಂಡು ನನ್ನ ಪ್ರಾಣ ತಿಂದ್ರಿ. ಈಗಲಾದ್ರೂ ಬಾಯಿ ಬಿಡಿ!”

ಚಿಕ್ಕಮ್ಮನ ಬೆರಳು ನಿಂತವು. “ಯಾರಾದ್ರೇನು,” ಎಂದಳು. “ಅವಳು ಕೇಳಿಸ್ಕೊಂಡಳಲ್ಲ. ಕೊಡಬೇಕಾದ ಶಿಕ್ಷೆನೂ ಕೊಟ್ಟಳಲ್ಲ.”

“ಯಾವ ಶಿಕ್ಷೆ?”

ಹೇಳಲೋ ಬೇಡವೋ ಎಂದು ಅವಳು ಒಂದು ಅಂಜೂರವನ್ನು ಹಿಸುಕಿ ಹಿಸುಕಿ ನೋಡಿದಳು. ಆಮೇಲೆ ಹೇಳಿದಳು.

“ನಿಮ್ಮಪ್ಪ ತೀರಿಕೊಂಡ ದಿನ. ಮನೆ ತುಂಬಾ ಹೆಂಗಸರು. ನಿಮ್ಮಮ್ಮ ನೆಲಕ್ಕೆ ತಲೆ ಚಚ್ಚಿಕೊಳ್ತಾ ಇದ್ದಳು. ನನಗೆ ನೋಡೋಕಾಗಲಿಲ್ಲ ಕಣೇ. ಹೋಗಿ ತಬ್ಬಿಕೊಂಡು, ‘ಅಕ್ಕಾ, ನಾನಿದ್ದೀನಿ’ ಅಂದೆ. ಆ ಗಲಾಟೆಯಲ್ಲಿ ಅವಳಿಗೆ ಕೇಳಲಿಲ್ಲ, ತಿರುಗಿ ಮಾತಾಡಲಿಲ್ಲ. ಆದ್ರೆ ಮೊದಲು ಮಾತಾಡಿಸಿದ್ದು ನಾನೇ ತಾನೆ? ಅಲ್ಲಿಂದಲೇ ಕಣ್ಣು ಮಂಜಾಗೋಕೆ ಶುರುವಾಯ್ತು. ತಪ್ಪು ಮಾಡಿದ್ದು ನಾನು. ಡಾಕ್ಟರು ಪಾಪ ಏನು ಮಾಡ್ತಾರೆ? ಅವರು ಕೊಟ್ಟರೂ ಅವಳು ಮತ್ತೆ ಕಿತ್ಕೋತಾಳೆ.”

ಅವಳು ಹಿಸುಕಿದ ಅಂಜೂರವನ್ನು ನಾನು ಕೈಯಿಂದ ತೆಗೆದುಕೊಂಡೆ.

“ನಿಮ್ಮಮ್ಮನಿಗೆ ಹೇಳಬೇಡ,” ಎಂದಳು ಚಿಕ್ಕಮ್ಮ. “ತನ್ನಿಂದ ಹೀಗಾಯ್ತು ಅಂತ ಕೊರಗ್ತಾಳೆ.”

ಹುಟ್ಟಿದಾಗಿನಿಂದ ಇವರ ಮಾತು ಹೊತ್ತವಳು ನಾನು. ಇದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳ ಕಣ್ಣು ಹೋಗುವುದನ್ನು ನೋಡುತ್ತಾ ಕೂರುವುದು ನನ್ನಿಂದ ಸಾಧ್ಯವಿರಲಿಲ್ಲ. ಬೀದಿ ದಾಟಿದವಳೇ ಅಮ್ಮನಿಗೆ ಎಲ್ಲ ಹೇಳಿದೆ.

ಅಮ್ಮ ಹೊರಗೆ ಹೋಗಿ ಜಗಲಿಯ ಮೇಲೆ ಕೂತು ಕೆಳಗಿನ ಹಳೆಯ ಊರನ್ನು, ಆಚೆಗಿನ ಸಮುದ್ರವನ್ನು ನೋಡುತ್ತಿದ್ದಳು. ಸಂಜೆಯ ಮಗ್ರಿಬ್ ನಮಾಜಿಗೂ ಅಲ್ಲೇ ಚಾಪೆ ಹಾಕಿಸಿಕೊಂಡಳು. ಬೆಳಿಗ್ಗೆ ನಾನು ಎದ್ದಾಗ ತಲೆಗೆ ಹೊಸ ವಸ್ತ್ರ ಕಟ್ಟಿ, ಧೂಪದ ಡಬ್ಬಿ, ಒಂದು ಬಟ್ಟಲು ಜೇನು ಹಿಡಿದು ತಯಾರಾಗಿ ನಿಂತಿದ್ದಳು.

“ನಿನ್ನ ಗಂಡನಿಗೆ ಹೇಳು, ಉಗ್ರಾಣದ ಬಾಗಿಲು ತೆಗೀಬೇಕು. ನಿನ್ನ ಚಿಕ್ಕಮ್ಮನಿಗೆ ಹೇಳು, ನನ್ನ ಜೊತೆ ಬರಬೇಕು.”

“ಅಲ್ಲಿ ಧೂಪ ಹಾಕೋ ಹಾಗಿಲ್ಲಮ್ಮ.”

“ಹಾಕದಿದ್ರೆ ಆಯ್ತು. ಅವನ ಮೂಗಿನ ಹತ್ತಿರ ಹಿಡೀತೀನಿ.”

ಮಿಫ್ತಾಹನ ಪಿಕಪ್ಪಿನಲ್ಲಿ ಹೊರಟೆವು. ಮುಂದೆ ಅವನ ಪಕ್ಕ ಅಮ್ಮ, ಹಿಂದಿನ ಸೀಟಿನಲ್ಲಿ ನಾನು, ಚಿಕ್ಕಮ್ಮ. ಯಾಕೆ ಹೋಗುತ್ತಿದ್ದೇವೆ ಎಂದು ಚಿಕ್ಕಮ್ಮ ಕೇಳಲಿಲ್ಲ, ಆದರೆ ದಾರಿಯುದ್ದಕ್ಕೂ ನನ್ನ ಮಣಿಕಟ್ಟನ್ನು ಬಿಡಲಿಲ್ಲ. ನಾನು ಅಮ್ಮನಿಗೆ ಹೇಳಿಬಿಟ್ಟಿದ್ದೇನೆ ಎಂದು ಅವಳಿಗೆ ಗೊತ್ತಾಗಿತ್ತು.

ಉಗ್ರಾಣ ಎಂದರೆ ತಗಡಿನ ಮಾಡಿನ ಉದ್ದ ಕೊಟ್ಟಿಗೆ. ಬಾಗಿಲು ತೆರೆದದ್ದೇ ಅಮ್ಮ ಹೊಸಲಲ್ಲೇ ನಿಂತುಬಿಟ್ಟಳು. ಗೋಡೆಯುದ್ದಕ್ಕೂ ಮುಸುಕು ಹೊದ್ದ, ಮುಖವಿಲ್ಲದ ಹೆಂಗಸರ ಸಾಲು. ಇಂಥವಳು ನಮ್ಮ ಸಿತ್ತಿ ಮಸ್ತೂರಾ ಒಬ್ಬಳೇ ಎಂದು ನಾವು ತಿಳಿದಿದ್ದೆವು. ಈ ಬೆಟ್ಟದ ಗೋರಿಗೋರಿಗಳಲ್ಲೂ ಅಂಥವರು ಇದ್ದರು.

“ಇಷ್ಟೊಂದು ಹೆಣ್ಣುಮಕ್ಕಳಾ?” ಎಂದಳು ಅಮ್ಮ. “ಇದರಲ್ಲಿ ನಮ್ಮವಳು ಎಲ್ಲಿ?”

ಹುಡುಕಿದಳು. ಎಣ್ಣೆ ಮಸಿ ಕುಡಿದು ಕಂದಾಗಿದ್ದವಳನ್ನು, ಗೋರಂಟಿ ಹತ್ತಿ ಕೈ ಕೆಂಪಾಗಿದ್ದವಳನ್ನು ಹುಡುಕಿದಳು. ಎಲ್ಲರೂ ಬೆಳ್ಳಗೆ ನಿಂತಿದ್ದರು.

“ಅದು... ತೊಳೆದ್ವಿ ಅತ್ತೆ,” ಎಂದ ಮಿಫ್ತಾಹ್ ಬಾಗಿಲಿಗೆ ಹತ್ತಿರವೇ ನಿಂತು. “ನಾನೇ ತೋರಿಸ್ತೀನಿ ಬನ್ನಿ.”

“ನೀನು ಸುಮ್ನಿರು. ಗಂಡಸರು ಬೊಟ್ಟು ಮಾಡಿ ತೋರಿಸೋಕೆ ಅವಳೇನು ಸಂತೆಗೆ ಬಂದ ಕುರಿನಾ? ಆಚೆ ನಡಿ.”

ಅವನು ಸಂತೋಷವಾಗಿ ಆಚೆ ನಡೆದ. ಅಮ್ಮ ಒಬ್ಬೊಬ್ಬಳ ಮುಂದೂ ನಿಂತು, ತಲೆಯಾಡಿಸಿ ಮುಂದೆ ಹೋದಳು. ಅಷ್ಟರಲ್ಲಿ ಚಿಕ್ಕಮ್ಮ ನನ್ನ ಕೈ ಬಿಡಿಸಿಕೊಂಡು ತಾನೇ ಸಾಲಿನ ಹತ್ತಿರ ಹೋದಳು. ಒಂದು ಕಲ್ಲಿನ ಮೈ ಮುಟ್ಟಿದಳು, ಬಿಟ್ಟಳು. ಇನ್ನೊಂದು ಮುಟ್ಟಿದಳು, ಬಿಟ್ಟಳು. ಮುಸುಕು ಎಡಗಡೆ ಮಡಿಕೆಯಾಗಿ ಇಳಿಯುವಲ್ಲಿ ಬೆರಳಿಟ್ಟು ಏನನ್ನೋ ಹುಡುಕುತ್ತಿದ್ದಳು. ಮೂಲೆಯ ಹತ್ತಿರದ ಒಬ್ಬಳ ಮುಂದೆ ಅವಳ ಬೆರಳು ಮಡಿಕೆಯೊಳಗೆ ಮಾಯವಾಯಿತು. ಕುರುಡಾಗುತ್ತಿದ್ದ ಆ ಮುಖ ಅರಳಿದ್ದನ್ನು ನಾನು ಮರೆಯಲಾರೆ.

“ಜಾಜಿಯಾ, ನಿಮ್ಮಮ್ಮನಿಗೆ ಹೇಳು. ಒಣದ್ರಾಕ್ಷಿ ಗೂಡು ಇಲ್ಲಿದೆ ಅಂತ.”

ನಾನು ಹೇಳುವ ಮೊದಲೇ ಅಮ್ಮ ಅಲ್ಲಿದ್ದಳು. ಆ ಮಡಿಕೆಯ ಸಂದಿನಲ್ಲಿ ಒಂದು ಸಣ್ಣ ಕುಳಿ. ಹುಡುಗಿಯರಾಗಿದ್ದಾಗ ಇಬ್ಬರೂ ಸಂಜೆ ಅದರೊಳಗೆ ಸಿತ್ತಿ ಮಸ್ತೂರಾಳಿಗೆಂದು ಒಣದ್ರಾಕ್ಷಿ ಇಟ್ಟು, ಬೆಳಿಗ್ಗೆ ಎದ್ದು ತಾವೇ ಕದ್ದು ತಿನ್ನುತ್ತಿದ್ದರಂತೆ. ಅಮ್ಮನೂ ತನ್ನ ಬೆರಳು ತೂರಿಸಿದಳು. ಎರಡು ಮುದಿ ಬೆರಳುಗಳು ಅಲ್ಲಿ ಒಟ್ಟಿಗೆ ಹಿಡಿಸಲಿಲ್ಲ.

ಆಮೇಲೆ ಅಮ್ಮ ಜೇನಿನ ಬಟ್ಟಲನ್ನು ಕೆಳಗಿಟ್ಟು, ಕಲ್ಲಿನ ಭುಜದ ಮೇಲೆ ಬಲಗೈಯನ್ನು ಪೂರ್ತಿ ಊರಿದಳು. ದನಿ ಎತ್ತರಿಸಿ, ತಂಗಿಯ ಕಡೆ ನೋಡದೆ, ಕಲ್ಲಿಗೇ ಹೇಳಿದಳು:

“ಫಿಲಿನ್ನಾ, ಥೆಯೊದೋರನ ಮಗಳೇ, ಕೇಳಿಸ್ಕೋ. ನಾವಿಬ್ಬರೂ ನಿನ್ನ ಮೈ ಮುಟ್ಟಿ ಆಣೆ ಇಟ್ಟಿದ್ವಿ. ಅದನ್ನ ಮುರಿದವಳು ಇವಳಲ್ಲ, ನಾನು. ಹಿಮ ಬಿತ್ತಲ್ಲ, ಆ ಸಂಜೆ. ಇವಳ ಮಾಡು ಬಿದ್ದಾಗ ನಾನು ಬಾಗಿಲ ಹತ್ತಿರ ಹೋಗಿ, ‘ಗಜಾಲಾ, ಬದುಕಿದ್ದೀಯೇನೇ’ ಅಂತ ಕೂಗಿದೆ. ಜಾಜಿಯಾ ಕೂಗೋಕೂ ಮೊದಲೇ. ಗಾಳಿಗೆ ಇವಳಿಗೆ ಕೇಳಲಿಲ್ಲ. ಅದಾಗಿ ಎಷ್ಟೋ ವರ್ಷಕ್ಕೆ ಇವಳ ಭಾವ ಸತ್ತಿದ್ದು. ಮೊದಲು ಮಾತಾಡಿಸಿದ್ದು ನಾನು. ಆಣೆ ಅವತ್ತೇ ಮುಗೀತು. ಇವಳ ಮೇಲೆ ಏನೂ ಇಲ್ಲ. ಈ ಮಾತು ಸುಳ್ಳಾದ್ರೆ ನನ್ನ ಎರಡು ಕಣ್ಣೂ ನಿನ್ನ ಕಣ್ಣಿನ ಹಾಗಾಗಲಿ.”

ಆ ಸಂಜೆ ಅವಳ ಬಾಯಿ ತುಂಬಾ ಸೆರಗಿತ್ತು. ಅವಳ ಗಂಟಲಿಂದ ಉಸಿರು ಬಿಟ್ಟು ಬೇರೇನೂ ಬಂದಿರಲಿಲ್ಲ. ಅವಳು ನನ್ನ ಕಡೆ ತಿರುಗಿ ಒಂದು ನೋಟ ನೋಡಿದಳು. ಬಾಯಿ ತೆರೆದರೆ ಹುಗಿದುಬಿಡುತ್ತೇನೆ ಎಂಬ ನೋಟ.

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. “ಜಾಜಿಯಾ, ಕೇಳು ಅವಳನ್ನ. ಹಾಗಿದ್ರೆ ಅವಳ ಕಣ್ಣು ಯಾಕೆ ಹೋಗಲಿಲ್ಲ ಅಂತ?”

“ಇಪ್ಪತ್ತು ವರ್ಷದ ಹುಡುಗಿ ತಾನೆ ಇವಳು?” ಎಂದಳು ಅಮ್ಮ, ಇನ್ನೂ ಕಲ್ಲಿನ ಕಡೆಗೇ. “ಅಷ್ಟು ಚಿಕ್ಕ ವಯಸ್ಸಲ್ಲಿ ಯಾರಿಗೆ ಕಣ್ಣು ಕೀಳೋವಷ್ಟು ಕಲ್ಲುಮನಸ್ಸಿರುತ್ತೆ? ಅಕ್ಕ ತಂಗಿನ ಕೂಗಿದ್ದು ಕೇಳಿ ಸುಮ್ಮನೆ ಬಿಟ್ಟಿದ್ದಾಳೆ. ಇವಳ ಕಣ್ಣಿಗೆ ಬಂದಿರೋದು ವಯಸ್ಸಾದೋರಿಗೆಲ್ಲ ಬರೋ ಪೊರೆ. ಡಾಕ್ಟರು ತೆಗೀತಾರೆ.”

ಚಿಕ್ಕಮ್ಮ ಕೈಯಿಂದ ತಡಕಾಡಿದಳು. ಕಲ್ಲಿನ ಮೇಲಿದ್ದ ಅಮ್ಮನ ಕೈ ಸಿಕ್ಕಿತು. ಅದನ್ನು ಹಿಡಿದುಕೊಂಡಳು.

“ಅಕ್ಕಾ,” ಎಂದಳು, “ಎಷ್ಟು ತಣ್ಣಗಿದೆಯೇ ನಿನ್ನ ಕೈ.”

ಅಮ್ಮ ಇನ್ನೊಂದು ಕೈಯನ್ನೂ ತಂಗಿಯ ಕೈ ಮೇಲಿಟ್ಟಳು. ನನಗೆ ಏನೂ ಕಾಣಿಸುತ್ತಿರಲಿಲ್ಲ, ಕಣ್ಣು ತುಂಬಿತ್ತು. ಹೊರಗಿಂದ ಮಿಫ್ತಾಹ್, “ಏನಾಯ್ತು? ಏನಾದ್ರೂ ಒಡೀತಾ?” ಎಂದು ಕೂಗಿದ. ಒಳ್ಳೆಯ ಮನುಷ್ಯ, ಆದರೆ ಕಲ್ಲಿನ ಯೋಚನೆ ಬಿಟ್ಟು ಬೇರೆ ಇಲ್ಲ.

ವಾಪಸು ಬರುವಾಗ ಅಮ್ಮ ಮುಂದಿನ ಸೀಟಿಗೆ ಹೋಗಲಿಲ್ಲ, ಹಿಂದೆ ತಂಗಿಯ ಪಕ್ಕ ತೂರಿಕೊಂಡಳು. ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು, ಒಬ್ಬಳದು ಇನ್ನೊಬ್ಬಳಿಗೆ ಕೇಳಿಸುತ್ತಿತ್ತೋ ಇಲ್ಲವೋ. ಕಿಟಕಿಯ ಕಡೆ ಕೂತ ಅಮ್ಮ ನಡುನಡುವೆ ಬಲಗಣ್ಣನ್ನು ಕೈಯಿಂದ ಮುಚ್ಚಿ ಹೊರಗೆ ನೋಡುತ್ತಿದ್ದಳು. ಆಮೇಲೆ ಎಡಗಣ್ಣನ್ನು ಮುಚ್ಚಿ ನೋಡುತ್ತಿದ್ದಳು. ಮುಂದಿನ ಸೀಟಿಗೆ ಬಂದಿದ್ದ ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ.

“ಏನಮ್ಮ?”

“ಧೂಳು. ನೀನು ಮುಂದೆ ನೋಡು.”

ಚಿಕ್ಕಮ್ಮನ ಶಸ್ತ್ರಚಿಕಿತ್ಸೆಗೆ ಅಮ್ಮನೇ ಜೊತೆಗೆ ಹೋದಳು. ಡಾಕ್ಟರಿಗೆ ಹೇಗೆ ಮಾಡಬೇಕೆಂದು ಹೇಳಿಕೊಟ್ಟಳು, ನರ್ಸಿನ ಜೊತೆ ಜಗಳವಾಡಿದಳು. ಕಣ್ಣಿಗೆ ಕಟ್ಟಿದ ಪಟ್ಟಿ ಬಿಚ್ಚಿದ ದಿನ ಚಿಕ್ಕಮ್ಮ ರೆಪ್ಪೆ ಬಡಿದು ಬಡಿದು ಮೊದಲು ಕಂಡದ್ದು ಅಕ್ಕನ ಮುಖವನ್ನು.

“ಅಯ್ಯಯ್ಯೋ, ಎಷ್ಟು ಮುದುಕಿಯಾಗಿದ್ದೀಯೇ!”

“ನಿನ್ನ ಕಣ್ಣು ಇನ್ನೂ ಸರಿಹೋಗಿಲ್ಲ,” ಎಂದಳು ಅಮ್ಮ.

ಈಗ ನನಗೆ ಕೆಲಸವಿಲ್ಲ. ಅವರವರೇ ಮಾತಾಡಿಕೊಳ್ಳುತ್ತಾರೆ, ಅವರವರೇ ಬೈದುಕೊಳ್ಳುತ್ತಾರೆ. ಆದರೆ ಅಮ್ಮ ಪ್ರತಿ ಬೆಳಿಗ್ಗೆ ಜಗಲಿಗೆ ಬಂದು ಕೆಳಗಿನ ಕಂಬಗಳನ್ನು ಒಂದು ಕಣ್ಣಲ್ಲಿ ನೋಡುತ್ತಾಳೆ, ಆಮೇಲೆ ಇನ್ನೊಂದು ಕಣ್ಣಲ್ಲಿ. ಯಾಕೆಂದು ನಾನು ಕೇಳುವುದಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದ ಮಗುವಿನ ಹಾಗೆ ಅವಳು ತಿರುಗಿ ನೋಡುವುದು ನನಗೆ ಬೇಡ.

ಮೊನ್ನೆ ಚಿಕ್ಕಮ್ಮನ ಅಂಗಳದಲ್ಲಿ ನಾನೂ ಅವಳೂ ಕೂತಿದ್ದೆವು. ಎದುರು ಮನೆಯ ಜಗಲಿಯಲ್ಲಿ ಅಮ್ಮ ಎಡಗಣ್ಣು ಮುಚ್ಚಿಕೊಂಡು ಸಮುದ್ರ ನೋಡುತ್ತಿದ್ದಳು. ಚಿಕ್ಕಮ್ಮ ಅವಳನ್ನೇ ನೋಡುತ್ತಾ, ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು:

“ಹಿಮದ ದಿನ ನನಗೆ ಚೆನ್ನಾಗಿ ಕೇಳಿಸ್ತಿತ್ತು ಕಣೇ. ಕೂಗಿದ್ದು ನೀನೊಬ್ಬಳೇ. ನಿಮ್ಮಮ್ಮ ಕೂಗಿದ್ರೆ ಸೂಸಾ ಬಂದರಿಗೂ ಕೇಳೋದು. ಅವಳ ಗಂಟಲು ನನಗೆ ಗೊತ್ತಿಲ್ವಾ?”

ನಾನು ಬೆಚ್ಚಿಬಿದ್ದೆ. “ಗೊತ್ತಿತ್ತಾ? ಮತ್ಯಾಕೆ ಚಿಕ್ಕಮ್ಮ ಆಪರೇಷನ್ನಿಗೆ ಒಪ್ಕೊಂಡೆ?”

ಅವಳ ಮಡಿಲಲ್ಲಿ ಡೇರೆಯ ಬಟ್ಟೆಯಿತ್ತು. ಅಮ್ಮ ತನ್ನ ಪಾಲನ್ನು ಉಗ್ರಾಣದಿಂದ ವಾಪಸು ತರಿಸಿ ಅವಳಿಗೆ ಕೊಟ್ಟಿದ್ದಳು. ನಡುವಿನ ಪಟ್ಟಿಯ ಎರಡು ಸೀಳನ್ನು ಜೋಡಿಸಿ ಚಿಕ್ಕಮ್ಮ ಹೊಲಿಯುತ್ತಿದ್ದಳು.

“ಅಷ್ಟು ದೊಡ್ಡ ಸುಳ್ಳು ಹೇಳಿಬಿಟ್ಟಳಲ್ಲ ನನಗೋಸ್ಕರ, ಆ ಹುಡುಗಿ ಮೈ ಮುಟ್ಟಿ,” ಎಂದಳು. “ನಾಳೆ ಅವಳ ಕಣ್ಣು ಹೋದ್ರೆ ಕೈ ಹಿಡಿದು ನಡೆಸೋರು ಯಾರು? ನಮ್ಮಿಬ್ಬರಲ್ಲಿ ಒಬ್ಬಳಿಗಾದ್ರೂ ಕಣ್ಣು ಬೇಡವೇನೇ?”

ಎದುರುಗಡೆಯಿಂದ ಅಮ್ಮ ಕೂಗಿದಳು, ಬೀದಿಗೆಲ್ಲ ಕೇಳುವ ಹಾಗೆ: “ಗಜಾಲಾ! ಚಹಾ ಆರಿಹೋಗ್ತಿದೆ, ಬರ್ತೀಯೋ ಇಲ್ವೋ?”

ಚಿಕ್ಕಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ನನ್ನ ಕೈ ಹಿಡಿಯದೆ ಎದ್ದು, ಬೀದಿ ದಾಟಿ ಹೋದಳು.